ಒಂದು ಗೇಣು ಕಮ್ಮಿ

ನಾಪೋಕ್ಲಿನ ಸಂಘಕ್ಕೆ ರೇಡಿಯೋ ಬಂದದ್ದು
ಜೀಪಿನ ಹಿಂದಿನ ಸೀಟಿನಲ್ಲಿ, ಕಂಬಳಿ ಹೊದ್ದು,
ಹೆರಿಗೆ ಮುಗಿಸಿ ಬಂದ ಬಾಣಂತಿಯ ಹಾಗೆ.
ಮೇಜಿನ ಮೇಲೆ ಕೂರಿಸಿ ಕಿವಿ ತಿರುಪಿದರೆ
ಬರೀ ಬುಸ್ ಬುಸ್, ಹಾವಿನ ಬುಟ್ಟಿ.
‘ಏರಿಯಲ್ ಕಟ್ಟಬೇಕು,’ ಅಂದರು ಸೆಕ್ರೆಟರಿ.
‘ತಂತಿ ಬೆಳ್ಯಪ್ಪನ್ನ ಕರೀರಿ.’

ಬಂದ. ಖಾಕಿ ಚಡ್ಡಿ, ಬರಿಗಾಲು,
ಎಡಗೈಯ ಎರಡು ಬೆರಳಿಗೆ ಉಗುರಿಲ್ಲ.
ನನಗೆ ಎಂಟು ವರ್ಷ, ಚಹಾದಂಗಡಿ ಕುಂಞಾಲಿಯ ಮಗ.
ತಂತಿಯ ಸುರುಳಿ ಹಿಡಿಯುವ ಕೆಲಸ ನನಗೆ ಕೊಟ್ಟ.
‘ಸಡಿಲ ಬಿಡು. ಬಿಗಿ ಹಿಡಿ. ಈಗ ಸಡಿಲ.’
ಗಾಳದ ಮೀನು ಆಡಿಸುವವನ ದನಿ.

ಎರವರ ಬೊಳಕ ಬಳಂಜಿ ಮರ ಹತ್ತಿದ,
ಜೇನಿಗೆ ಹತ್ತುವ ಹಾಗೆ, ಮರದೊಂದಿಗೆ ಏನೋ ಗೊಣಗುತ್ತ.
ಪಿಂಗಾಣಿ ಬಿಲ್ಲೆ ಕಟ್ಟಿದ. ಇನ್ನೊಂದು ತುದಿ
ಸಂಘದ ಮಾಡಿನ ಬಿದಿರುಗಳಕ್ಕೆ.
ನೆಲದ ತಂತಿಗೆ ಗುಂಡಿ: ಇದ್ದಿಲು ಒಂದು ಪದರ,
ಉಪ್ಪನ ಅಂಗಡಿಯಿಂದ ಉಪ್ಪು ಒಂದು ಪದರ,
ಮೇಲೆ ಒಂದು ಕೊಡ ನೀರು.

ಉಪ್ಪು ನೋಡಿ ನಿಂತುಬಿಟ್ಟ ಬೆಳ್ಯಪ್ಪ.
‘ಅಲ್ಲಿ ಇದು ದಂಡಿಯಾಗಿತ್ತು,’ ಅಂದ.
‘ಎಲ್ಲಿ?’
ಮೂರ್ನಾಡಿನ ಕಡೆ ಕೈ ತೋರಿಸಿದ,
ಸೂರ್ಯ ಹುಟ್ಟುವ ಕಡೆ,
ಸೂರ್ಯನಿಗೂ ಆಚೆ.

ಸಿಂಗಪುರದಲ್ಲಿ ಸೆರೆಸಿಕ್ಕು, ಹಡಗಿನ ಹೊಟ್ಟೆಯಲ್ಲಿ
ಇಪ್ಪತ್ತಾರು ದಿನ. ಇಳಿಸಿದ್ದು
ಪೆಸಿಫಿಕ್ಕಿನ ಒಂದು ದ್ವೀಪಕ್ಕೆ. ಹೆಸರು ಯಾರೂ ಹೇಳಲಿಲ್ಲ.
ಈ ದಡದಿಂದ ಆ ದಡಕ್ಕೆ ಒಂದು ಬೀಡಿಯ ದಾರಿ.
ತೆಂಗು, ಏಡಿ, ಕಣ್ಣು ಕುಕ್ಕುವ ಮರಳು, ಜಪಾನಿ ಸಾರ್ಜಂಟ್.
‘ಸಿಗ್ನಲ್ಸ್‌ನವನು ಯಾರು?’ ಅಂತ ಕೇಳಿದಾಗ
ಸುಮ್ಮನಿರಬಹುದಿತ್ತು.
ಹಸಿವು ಕೈ ಎತ್ತಿತು.

ಕಂಬ ನೆಟ್ಟ. ತಂತಿ ಎಳೆದ. ಬ್ಯಾಟರಿ ಪೆಟ್ಟಿಗೆಗಳನ್ನು
ಎದೆಮಟ್ಟದ ನೀರಲ್ಲಿ ತಲೆಯ ಮೇಲೆ ಹೊತ್ತ.
ಉಪ್ಪುಗಾಳಿ ಒಂದೇ ವಾರಕ್ಕೆ ಬೆಸುಗೆ ತಿಂದಾಗ
ಮತ್ತೆ ಬೆಸೆದ. ನೆಲದ ಗುಂಡಿಗೆ ಸಮುದ್ರದ ನೀರೇ ಸಾಕು;
ಗಂಟಲು ಒಪ್ಪುವುದಿಲ್ಲ.
ಒಂದು ದ್ವೀಪ ಮುಗಿದರೆ ದೋಣಿ ಹತ್ತಿ ಇನ್ನೊಂದು.
ಎಲ್ಲ ಕಡೆಯೂ, ಅಳತೆಯ ಗುರುತು ಬಂದಲ್ಲಿ,
ಇಕ್ಕುಳ ಒಂದು ಗೇಣು ಈಚೆಗೆ ಜಾರುತ್ತಿತ್ತು.
ತುಂಡು ತಂತಿ ಲಂಗೋಟಿಯ ಮಡಿಕೆಗೆ.

‘ಹಾಗಾದರೆ ಅವರ ಮಾತು ತಲುಪಲೇ ಇಲ್ಲವಾ?’
‘ತಲುಪಿತು. ಒಂದು ಗೇಣಿಗೆಲ್ಲ ಯುದ್ಧ ಸೋಲ್ತಾರಾ?
ಸ್ವಲ್ಪ ಗೊರಗೊರ. ಅಷ್ಟೇ.’
ಉಗುರಿನ ಬಗ್ಗೆ ನಾನು ಕೇಳಲಿಲ್ಲ.
ಕೇಳಬೇಕೆಂದು ಹೊಳೆದದ್ದೇ ಅವನು ಸತ್ತ ಮೇಲೆ.

ಸಂಜೆ ಮೈಸೂರು ಬಂತು.
ಯಾರೋ ವೀಣೆ ನುಡಿಸುತ್ತಿದ್ದರು,
ಅದರ ಹಿಂದೆ, ಸಣ್ಣಗೆ, ಬಾಣಲೆಯಲ್ಲಿ ಎಣ್ಣೆ ಸಿಡಿಯುವ ಸದ್ದು.
ಸಂತೆ ಮುಗಿಸಿದವರು ಮೂಟೆ ಇಳಿಸದೆ ನಿಂತು ಕೇಳಿದರು.
ಬೊಳಕ ಮೆಟ್ಟಿಲ ಕೆಳಗೆ ನಿಂತು ಕೇಳಿದ,
ತಾನು ಕಟ್ಟಿದ್ದನ್ನು ಹೊರಗಿನಿಂದ.
‘ಈ ಗೊರಗೊರ ಯಾಕೆ, ಬೆಳ್ಯಪ್ಪ?’
‘ಬೆಟ್ಟ ಅಡ್ಡ ಇದೆ, ಸಾರ್.’

ಸುರುಳಿ ಹಿಡಿದವನು ನಾನು. ನೋಡಿದ್ದೆ.
ಕಟ್ಟಿದ ಗುರುತಿನ ಗಂಟು ಬಂದರೂ
ಇಕ್ಕುಳ ಅಲ್ಲಿ ನಿಂತಿರಲಿಲ್ಲ.
‘ಇದು ನಮ್ಮದೇ ಅಲ್ಲವಾ?’ ಅಂದಿದ್ದೆ, ಮೆಲ್ಲಗೆ.
ಅವನು ಇಕ್ಕುಳ ನೋಡಿದ. ಕೈ ನೋಡಿದ.
ಎರಡರಲ್ಲಿ ಯಾರನ್ನು ಬೈಯಬೇಕೋ ತಿಳಿಯದೆ
ತುಂಡನ್ನು ನನ್ನ ಜೇಬಿಗೆ ತುರುಕಿದ.

ಉಮ್ಮ ಅದನ್ನು ಬಗ್ಗಿಸಿ ಬಳೆ ಮಾಡಿ
ಚಹಾ ಸೋಸುವ ಬಟ್ಟೆಗೆ ಹೊಲಿದಳು.
ನಮ್ಮ ಅಂಗಡಿಯ ಚಹಾ ಆಮೇಲೆ ಎಷ್ಟೋ ವರ್ಷ
ಅದರೊಳಗಿಂದಲೇ ಇಳಿಯಿತು, ಬೆಳ್ಯಪ್ಪನಿಗೂ,
ದಿನಾ ಎರಡು, ಸಕ್ಕರೆ ಜಾಸ್ತಿ.
ಉಪ್ಪ ಲೆಕ್ಕ ಬರೆದಿಡುತ್ತಿದ್ದ.
ಒಂದು ದಿನವೂ ಕೇಳಲಿಲ್ಲ.